ಕ್ಯಾರಿಯರ್ ಅಂಜಿನಯ್ಯ

ಒಂದೇ ಒಂದು ಸುಳ್ಳನ್ನೂ ಹೇಳದೆ ಮನುಷ್ಯ ಸುಳ್ಳಿನಲ್ಲಿ ಕುತ್ತಿಗೆವರೆಗೆ ಮುಳುಗಬಹುದು ಎನ್ನುವುದು ಅತ್ತಿಗುಪ್ಪೆಯ ಎರಡನೇ ಅಡ್ಡರಸ್ತೆಯಲ್ಲಿ ಈ ವರ್ಷ ಸಾಬೀತಾಯಿತು. ಸಾಬೀತು ಮಾಡಿದವರು ಅಂಜಿನಯ್ಯನವರು. ಅವರಿಗೆ ಆ ಉದ್ದೇಶವೇನೂ ಇರಲಿಲ್ಲ.

ಅಂಜಿನಯ್ಯನವರಿಗೆ ಅರವತ್ತೈದು. ಊರಿನ ಆ ತುದಿಯ ಒಂದು ವಿಮಾನದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಅವರ ಕೆಲಸ ಅಡಿಗೆಯದಲ್ಲ, ಬಡಿಸುವುದೂ ಅಲ್ಲ. ಶೆಡ್ಡು ಬಿಟ್ಟು ಏಳಲಾರದ ಇಂಜಿನಿಯರುಗಳಿಗೆ ಸ್ಟೀಲಿನ ಊಟದ ಕ್ಯಾರಿಯರ್‌ಗಳನ್ನು ತುಂಬಿ, ತಳ್ಳುಗಾಡಿಯಲ್ಲಿ ಜೋಡಿಸಿಕೊಂಡು ಹೋಗಿ, ಸಾರು ಆರುವ ಮೊದಲು ತಲುಪಿಸುವುದು. ಯಾವ ಸಾಹೇಬರಿಗೆ ಹುಳಿ ಕಡಿಮೆ ಇರಬೇಕು, ಯಾರಿಗೆ ಮಜ್ಜಿಗೆ ನೀರಾಗಿರಬೇಕು ಎಂಬುದು ಅವರಿಗೆ ಬಾಯಿಪಾಠ. ಆ ಸಾಹೇಬರು ಶೆಡ್ಡಿನಲ್ಲಿ ಏನು ತಯಾರಿಸುತ್ತಿದ್ದರು ಎಂಬುದನ್ನು ಅವರು ಯಾವತ್ತೂ ವಿಚಾರಿಸಲಿಲ್ಲ. ಬಿಸಿ ಆರಿಹೋಗುತ್ತದೆ.

ಹನ್ನೊಂದು ವರ್ಷಗಳಿಂದ ಅವರು ತಿಮ್ಮಯ್ಯನವರ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದರು. ತಿಮ್ಮಯ್ಯನವರದು ಅತ್ತಿಗುಪ್ಪೆ ಹಳ್ಳಿಯಾಗಿದ್ದ ಕಾಲದ ಮನೆತನ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೆಟ್ರೋ ಕಂಬಗಳು ಬೆಳೆದಿವೆ. ಮಹಡಿಯಲ್ಲಿ ಅವರೂ ಅವರ ಹೆಂಡತಿ ಲಿಂಗಮ್ಮನವರೂ ಇದ್ದರು. ಅಂಜಿನಯ್ಯನವರ ಹೆಂಡತಿ ಜಗದಾಂಬಾ ಅವರಿಗೆ ಎರಡೂ ಮಂಡಿ ಸವೆದು, ಮೆಟ್ಟಿಲು ಹತ್ತಲೇಬಾರದೆಂದು ಡಾಕ್ಟರು ಹೇಳಿದ್ದರು. ಹಾಗೆಂದು ಸ್ನೇಹ ನಿಲ್ಲುತ್ತದೆಯೇ? ಲಿಂಗಮ್ಮನವರು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಕರಿಬೇವು ಇಳಿಬಿಡುವರು, ಜಗದಾಂಬಾ ಅದೇ ಬುಟ್ಟಿಯಲ್ಲಿ ಪಲ್ಯ ಮೇಲೆ ಕಳಿಸುವರು. ಬುಟ್ಟಿ ಖಾಲಿಯಾಗಿ ಹೋದದ್ದನ್ನು ಯಾರೂ ನೋಡಿಲ್ಲ.

ಇಂಥ ಮನೆಗೆ ಕುತ್ತು ಬಂದದ್ದು ಮೀನಿನಿಂದ.

ತಿಮ್ಮಯ್ಯನವರ ಅಳಿಯ ಮೋಹನ್ ಕುಮಾರ್ ಬಸವೇಶ್ವರನಗರದವನು. ಅವನಿಗೆ ಆ ಕೆಳಭಾಗದಲ್ಲಿ ಅಕ್ವೇರಿಯಂ ಅಂಗಡಿ ತೆರೆಯಬೇಕೆನಿಸಿತು. ಬಣ್ಣದ ಮೀನು, ಗಾಜಿನ ತೊಟ್ಟಿ, ಗುಳುಗುಳು ನೀರು. ತಿಮ್ಮಯ್ಯನವರ ಕುಲದಲ್ಲಿ ಅಳಿಯನಿಗೆ ಇಲ್ಲ ಎಂದ ಮಾವ ಇನ್ನೂ ಹುಟ್ಟಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಮಾವ ಅಳಿಯ ಇಬ್ಬರೂ ಕೆಳಗಿಳಿದು ಬಂದರು. ತಿಮ್ಮಯ್ಯನವರು ಮಾತು ಶುರುಮಾಡಲಾರದೆ, ತಾವೇ ಹಾಕಿಸಿದ್ದ ಕಿಟಕಿಯ ಸರಳುಗಳನ್ನು ಹೊಸದಾಗಿ ನೋಡುವವರಂತೆ ನೋಡುತ್ತ ನಿಂತರು.

"ಅಂಕಲ್, ಬೇಜಾರು ಮಾಡ್ಕೋಬೇಡಿ," ಎಂದ ಮೋಹನ್ ಕುಮಾರ್. "ಮನೆ ಸ್ವಲ್ಪ ನಮಗೇ ಬೇಕಾಗಿತ್ತು."

"ಸ್ವಲ್ಪ ಅಂದ್ರೆ ಎಷ್ಟಪ್ಪ?"

"ಪೂರ್ತಿ."

ಅಡಿಗೆಮನೆಯಲ್ಲಿ ಜಗದಾಂಬಾ ಅವರ ಕೈಯಿಂದ ಸೌಟು ಬಿತ್ತು. ಈ ಬೆಂಗಳೂರಿನಲ್ಲಿ ನೆಲಮಟ್ಟದ ಬಾಡಿಗೆ ಮನೆ ಸಿಗುವುದೆಂದರೆ ಸುಮ್ಮನೆ ಮಾತೇ? ಇದ್ದಬದ್ದ ನೆಲಮಟ್ಟವನ್ನೆಲ್ಲ ಅಂಗಡಿಗಳೂ ಕಾರುಗಳೂ ಹಿಡಿದಿವೆ.

ಅಷ್ಟರಲ್ಲಿ ಮೋಹನ್ ಕುಮಾರನ ಕಣ್ಣು ಗೋಡೆಯ ಮೇಲಿನ ಫೋಟೋಗೆ ಹೋಯಿತು. ಅದರಲ್ಲಿ ಅಂಜಿನಯ್ಯನವರು ಒಂದು ವಿಮಾನದ ಮುಂದೆ ನಿಂತಿದ್ದರು. ಫೋಟೋ ಸೊಂಟದವರೆಗೆ ಮಾತ್ರ ಇದ್ದದ್ದರಿಂದ ಎರಡೂ ಕೈಯಲ್ಲಿದ್ದ ಐದೈದು ಡಬ್ಬಿಯ ಕ್ಯಾರಿಯರ್‌ಗಳು ಕಾಣುತ್ತಿರಲಿಲ್ಲ. ಅವುಗಳ ಭಾರಕ್ಕೆ ಸೆಟೆದ ಹೆಗಲು, ಉಬ್ಬಿದ ಎದೆ, ಬಿಗಿದ ದವಡೆ ಮಾತ್ರ ಕಾಣುತ್ತಿದ್ದವು.

ಇಲ್ಲಿ ಮೋಹನ್ ಕುಮಾರನ ಬಗ್ಗೆ ಒಂದು ಮಾತು ಹೇಳಬೇಕು. ಅವನಿಗೆ ಯುದ್ಧವಿಮಾನದ ಹುಚ್ಚು. ಮೊಬೈಲಿನಲ್ಲಿ ಅವುಗಳ ವಿಡಿಯೋ ನೋಡದೆ ಊಟ ಇಳಿಯದು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಕಸದ ಗಾಡಿ ಬಂದಿಲ್ಲವೆಂದು ಬರೆದರೆ, ಅದರ ಕೆಳಗೆ ಅವನು ಯಾವುದೋ ದೇಶದ ಕ್ಷಿಪಣಿಯ ಚಿತ್ರ ಹಾಕುತ್ತಿದ್ದ.

"ಅಂಕಲ್, ಇದು ನೀವಾ?"

"ಹೂಂನಪ್ಪ. ರಿಟೈರ್ ಆದ ದಿವಸ ತೆಗೆದಿದ್ದು."

"ಹಿಂದೆ ಇರೋ ಪ್ಲೇನು ಯಾವುದು?"

"ಪ್ಲೇನಿನ ವಿಷಯ ನಂಗೇನು ಗೊತ್ತು? ನಾನು ಕ್ಯಾರಿಯರ್‌ನೋನು. ಮೂವತ್ತೊಂದು ವರ್ಷ ಕ್ಯಾರಿಯರ್ ಬಿಟ್ಟು ಬೇರೆ ಕೆಲಸ ಮಾಡಿಲ್ಲ."

ಮೋಹನ್ ಕುಮಾರನ ಪ್ರಪಂಚದಲ್ಲಿ ಕ್ಯಾರಿಯರ್ ಎಂದರೆ ಒಂದೇ. ಯುದ್ಧವಿಮಾನಗಳನ್ನು ಬೆನ್ನ ಮೇಲೆ ಹೊತ್ತು ಸಮುದ್ರದಲ್ಲಿ ಸಾಗುವ ಮಹಾ ಹಡಗು. ಅಂಜಿನಯ್ಯನವರ ಪ್ರಪಂಚದಲ್ಲೂ ಕ್ಯಾರಿಯರ್ ಎಂದರೆ ಒಂದೇ. ಎರಡು ಪ್ರಪಂಚಗಳು ಆ ಹಜಾರದಲ್ಲಿ ಡಿಕ್ಕಿ ಹೊಡೆದವು. ಸದ್ದು ಯಾರಿಗೂ ಕೇಳಿಸಲಿಲ್ಲ.

"ಕ್ಯಾರಿಯರ್‌ದಾ?" ಮೋಹನ್ ಕುಮಾರನ ದನಿ ಇಳಿಯಿತು. "ಅಟ್ಯಾಕ್ ವೇರಿಯಂಟ್ ಎಲ್ಲಾ ಹ್ಯಾಂಡಲ್ ಮಾಡಿದೀರಾ?"

ಅಂಜಿನಯ್ಯನವರಿಗೆ ಆ ವಾಕ್ಯದಲ್ಲಿ ಅರ್ಥವಾದದ್ದು ಹ್ಯಾಂಡಲ್ ಎಂಬುದೊಂದೇ. "ಹ್ಯಾಂಡಲ್ ಹಿಡೀದೆ ಆಗುತ್ತೇನಪ್ಪ? ಎಲ್ಲ ಥರದ್ದೂ ಹಿಡಿದಿದೀನಿ. ಒಂದೊಂದು ಸಲ ಕೈಗೆ ಎರಡೆರಡು."

"ಲೋಡ್ ಸಮೇತ?"

"ಲೋಡ್ ಇಲ್ದೆ ಯಾರು ಕಳಿಸ್ತಾರೆ? ಹನ್ನೆರಡೂವರೆಗೆ ಹೊರಟ್ರೆ ಹನ್ನೆರಡು ಐವತ್ತಕ್ಕೆ ಗುರಿ ಮುಟ್ಟಬೇಕು. ಒಂದು ನಿಮಿಷ ತಡ ಆದ್ರೆ ಅಲ್ಲಿ ದೊಡ್ಡ ರಾದ್ಧಾಂತ."

ಮೋಹನ್ ಕುಮಾರ್ ನೆಟ್ಟಗಾಗಿ ನಿಂತ. ಚಪ್ಪಲಿ ಬಿಟ್ಟು ಬಂದಿದ್ದಕ್ಕೆ ಸಮಾಧಾನಪಟ್ಟುಕೊಂಡವನಂತೆ ಕಾಲು ನೋಡಿಕೊಂಡು, ಮಾವನ ಕಡೆ ತಿರುಗಿದ. "ಮಾವ, ಇಂಥೋರನ್ನ ಮನೆ ಬಿಡಿಸಿ ನಾವು ಮೀನು ಸಾಕೋದಾ?"

ತಿಮ್ಮಯ್ಯನವರು ಫೋಟೋ ನೋಡಿದರು, ಅಂಜಿನಯ್ಯನವರನ್ನು ನೋಡಿದರು, ಒಂದು ಗಳಿಗೆ ಚಾವಣಿ ನೋಡಿದರು. "ನೀವೇ ಹಂಗಂದ್ಮೇಲೆ ನಾನೇನು ಹೇಳ್ಲಿ ಅಳಿಯಂದ್ರೇ," ಎಂದರು.

ಇಬ್ಬರೂ ಹೋದ ಮೇಲೆ ಜಗದಾಂಬಾ ಹೊರಬಂದರು. "ಏನ್ರೀ ಆಯ್ತು?"

"ಗೊತ್ತಿಲ್ಲ ಕಣೇ. ಊಟ ಸಾಗಿಸಿದೋರು ಅಂದ್ರೆ ಆ ಹುಡುಗನಿಗೆ ಎಷ್ಟು ಗೌರವ ನೋಡು."

ಗೌರವದ ಕಾರಣ ಮರುದಿನ ವಾಟ್ಸಾಪಿನಲ್ಲಿ ಬಂತು. ಅದೇ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ: ನಮ್ಮ ನಡುವಿನ ಮೌನ ಯೋಧ, ವಿಮಾನವಾಹಕ ನೌಕೆಯ ದಾಳಿ ವಿಮಾನಗಳ ತಜ್ಞ, ಶ್ರೀ ಅಂಜಿನಯ್ಯ. ಜಗದಾಂಬಾ ಅದನ್ನು ಎರಡು ಸಲ ಓದಿ ಗಂಡನಿಗೆ ಕನ್ನಡಕ ಕೊಟ್ಟರು. ಅವರು ಓದಿ ಕನ್ನಡಕ ತೆಗೆದರು.

"ನಾನು ಸುಳ್ಳು ಹೇಳ್ಲಿಲ್ಲ ಕಣೇ."

"ಹೇಳ್ಲಿಲ್ಲ. ಈಗ ನಿಜ ಹೇಳಿದ್ರೆ ಮಾತ್ರ ಮನೆ ಹೋಗುತ್ತೆ," ಎಂದರು ಜಗದಾಂಬಾ, ಮಂಡಿ ನೀವಿಕೊಳ್ಳುತ್ತ.

ಅಂಜಿನಯ್ಯನವರು ಬಾಯಿ ಮುಚ್ಚಿಕೊಂಡರು. ಅಷ್ಟೇ ಅವರು ಮಾಡಿದ ತಪ್ಪು.

ಬಡಾವಣೆ ಮಾತ್ರ ಬಾಯಿ ಮುಚ್ಚಿಕೊಳ್ಳಲಿಲ್ಲ. ಹಾಲಿನ ಬೂತಿನಲ್ಲಿ ಸರದಿಯೇ ಇಬ್ಭಾಗವಾಗಿ ಅವರಿಗೆ ದಾರಿ ಬಿಟ್ಟಿತು. ಮನೆಮನೆಗೆ ಊಟ ತಲುಪಿಸುವ ವಿಜಯಪುರ ಕಡೆಯ ದುಂಡೇಶ, ಬೈಕು ನಿಲ್ಲಿಸಿ ಸೆಲ್ಯೂಟ್ ಹೊಡೆದ. "ನಾವು ಬರೇ ಪಾರ್ಸೆಲ್ ಹೊರತೀವ್ರಿ ಸರ. ನೀವು ದೇಶಾನ ಹೊತ್ತವರು." ಅಂಜಿನಯ್ಯನವರಿಗೆ ಅವನನ್ನು ಅಪ್ಪಿಕೊಂಡು 'ನಾನೂ ನಿನ್ನ ಕಸುಬಿನವನೇ ಕಣೋ' ಎನ್ನಬೇಕೆನಿಸಿತು. ಅಪ್ಪಿಕೊಂಡದ್ದಷ್ಟೇ ಆಯಿತು.

ಬ್ಯಾಂಕಿನಲ್ಲಿ ಅರುಣ ಎಂಬ ಅಧಿಕಾರಿ ಇದ್ದರು. ಪಿಂಚಣಿಗಾಗಿ ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ರುಜುವಾತು ಮಾಡಲು ಹೋದಾಗಲೆಲ್ಲ, ಹೆಬ್ಬೆರಳ ಗುರುತು ಯಂತ್ರಕ್ಕೆ ಸಿಗದೆ ಅಂಜಿನಯ್ಯನವರು ಮೂರು ಮೂರು ಸಲ ಅಲೆಯಬೇಕಿತ್ತು. ಬಿಸಿ ಕ್ಯಾರಿಯರ್ ಹಿಡಿದು ಹಿಡಿದು ರೇಖೆಗಳೇ ಅಳಿಸಿಹೋಗಿದ್ದವು. ಈ ಸಲ ಅರುಣ ತಾವೇ ಕುರ್ಚಿ ತಂದು ಹಾಕಿದರು. ಸವೆದ ಬೆರಳನ್ನು ಬೆಳಕಿಗೆ ಹಿಡಿದು ನೋಡಿ ಕಣ್ಣೀರು ತಂದುಕೊಂಡರು. "ಎಷ್ಟು ಬೆಂಕಿ ಮುಟ್ಟಿದೀರೋ ಸಾರ್. ನೀವು ಬದುಕಿದೀರ ಅಂತ ನಾನು ಬರ್ಕೋತೀನಿ. ನೀವು ಮನೆಗೆ ಹೋಗಿ."

ಎರಡು ವಾರ ಕಳೆದ ಮೇಲೆ ಮೋಹನ್ ಕುಮಾರ್ ಫ್ಲೆಕ್ಸ್ ಸಮೇತ ಬಂದ. ಮುಂದಿನ ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಉಪನ್ಯಾಸ. ವಿಷಯ, ಕ್ಯಾರಿಯರ್ ಆಧಾರಿತ ದಾಳಿ ವಿಮಾನ ಸ್ಕೈಹಾಕ್ ಮತ್ತು ಅದರ ವೇರಿಯಂಟ್‌ಗಳು.

"ಏನಪ್ಪ ಅದು, ಸ್ಕೈಹಾಕು?"

"ಅಮೆರಿಕದೋರ್ದು ಅಂಕಲ್. ಪುಟ್ಟದು, ಆದ್ರೆ ಗಟ್ಟಿ ಪಿಂಡ. ಎ, ಬಿ, ಸಿ ಅಂತ ಶುರುವಾಗಿ ಎಷ್ಟೊಂದು ವೇರಿಯಂಟ್. ನಮ್ಮ ದೇಶ ಅದನ್ನ ತಗೊಳ್ಳೇ ಇಲ್ಲ."

"ನಮ್ಮಲ್ಲಿ ಇಲ್ಲದೇ ಇರೋದ್ರ ಬಗ್ಗೆ ನಾನೇನು ಹೇಳ್ಲಿ?"

"ಇದ್ದಿದ್ರೆ ಯಾರು ಬೇಕಾದ್ರೂ ಹೇಳ್ತಿದ್ರಲ್ಲ ಅಂಕಲ್. ಇಲ್ಲದೇ ಇರೋದಕ್ಕೇ ತಜ್ಞರು ಬೇಕು."

"ಮೋಹನಪ್ಪ, ನಾನು ಹೊತ್ತಿದ್ದು ಅಂಥಾ ಕ್ಯಾರಿಯರ್ ಅಲ್ಲ ಕಣಪ್ಪ." ಮನೆ ಹೋದರೂ ಹೋಗಲಿ ಎಂದು ಅಂಜಿನಯ್ಯನವರು ಕಣ್ಣುಮುಚ್ಚಿ ಹೇಳಿಬಿಟ್ಟರು.

ಮೋಹನ್ ಕುಮಾರ್ ಅತ್ತಿತ್ತ ನೋಡಿ ಅವರ ಕೈ ಅದುಮಿದ. "ಗೊತ್ತಾಯ್ತು ಅಂಕಲ್. ಎಂಥಾದ್ದು ಅಂತ ಹೇಳೋ ಹಾಗಿಲ್ಲ ಅಲ್ವಾ? ನಾನು ಕೇಳಲ್ಲ." ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದ. "ಗ್ರೂಪಿನಲ್ಲಿ ಒಂದಿಬ್ಬರು ಪ್ರೂಫ್ ಪ್ರೂಫ್ ಅಂತಾವ್ರೆ. ಅದಕ್ಕೆ ಕೆಂಗೇರಿ ಉಪನಗರದಿಂದ ಶಿವಯೋಗಿ ಅನ್ನೋರನ್ನ ಅಧ್ಯಕ್ಷರಾಗಿ ಕರೆದಿದೀನಿ. ನೇವಿಯೋರು. ನಿಜವಾದ ಕ್ಯಾರಿಯರ್ ಮೇಲೆ ಹದಿನೈದು ವರ್ಷ ಇದ್ರು. ಅವರು ಹೂಂ ಅಂದ್ರೆ ಮುಗೀತು. ಉಹೂಂ ಅಂದ್ರೆ..." ಅವನು ಹಜಾರವನ್ನೊಮ್ಮೆ ಅಳತೆ ಹಾಕುವವನಂತೆ ನೋಡಿದ. "ಮೀನಿನ ತೊಟ್ಟಿ ಆರ್ಡರ್ ನಾನಿನ್ನೂ ಕ್ಯಾನ್ಸಲ್ ಮಾಡಿಲ್ಲ."

ಆ ಭಾನುವಾರದ ಬೆಳಿಗ್ಗೆ ಅಂಜಿನಯ್ಯನವರಿಗೆ ಇಡ್ಲಿ ಇಳಿಯಲಿಲ್ಲ. ಜಗದಾಂಬಾ ಶುಂಠಿ ಕಷಾಯ ಕೊಟ್ಟು, ಅಂಗಿಯ ಗುಂಡಿ ತಾವೇ ಹಾಕಿದರು.

"ಗೊತ್ತಿಲ್ಲದ್ದು ಒಂದಕ್ಷರ ಹೇಳ್ಬೇಡಿ. ನಿಮಗೆ ಗೊತ್ತಿರೋ ಕ್ಯಾರಿಯರ್ ಬಗ್ಗೇನೇ ಹೇಳಿ."

"ಗೊತ್ತಾಗಲ್ವೇನೇ?"

"ಅನ್ನ ಅನ್ಬೇಡಿ, ಸಾರು ಅನ್ಬೇಡಿ, ಡಬ್ಬಿ ಅನ್ಬೇಡಿ. ಉಳಿದಿದ್ದು ದೇವರಿಗೆ ಬಿಡಿ."

ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಜಗದಾಂಬಾ, ಪಕ್ಕದಲ್ಲಿ ಲಿಂಗಮ್ಮ, ಅವರ ಪಕ್ಕ ತಿಮ್ಮಯ್ಯ. ವೇದಿಕೆಯ ಮೇಲೆ ಶಿವಯೋಗಿಯವರು ಕಬ್ಬಿಣದ ಕಂಬದ ಹಾಗೆ ಕೂತಿದ್ದರು. ಅವರ ಮೀಸೆ ನೋಡಿ ಅಂಜಿನಯ್ಯನವರು ತಮ್ಮ ಲೋಟದ ನೀರನ್ನು ಒಂದೇ ಗುಟುಕಿಗೆ ಮುಗಿಸಿದರು. ಶಿವಯೋಗಿಯವರು ತಮ್ಮ ನೀರಿನ ಲೋಟವನ್ನು ಅವರ ಕಡೆ ಸರಿಸಿದರು.

"ಮೊದಲು ಬಂದದ್ದು ಎ," ಎಂದು ಅಂಜಿನಯ್ಯನವರು ತಮ್ಮ ಕ್ಯಾರಿಯರ್ ಮುಚ್ಚಳಗಳ ಮೇಲಿದ್ದ ಕೆಂಪು ಅಕ್ಷರಗಳನ್ನು ನೆನೆದು ಆರಂಭಿಸಿದರು. "ಸಣ್ಣದು. ಹಗುರ. ಒಬ್ಬರಿಗೆ ಮಾತ್ರ."

"ಸಿಂಗಲ್ ಸೀಟರ್," ಎಂದು ಮೋಹನ್ ಕುಮಾರ್ ಸಭೆಗೆ ಬಿಡಿಸಿ ಹೇಳಿದ.

"ಆಮೇಲೆ ಬಿ, ಸಿ ಬಂದ್ವು. ಒಂದಕ್ಕಿಂತ ಒಂದು ಉದ್ದ. ಸಣ್ಣದು ಅಂತ ಹಗುರವಾಗಿ ತಿಳ್ಕೋಬಾರ್ದು. ತನ್ನ ತೂಕದಷ್ಟೇ ತೂಕ ಹೊರೋದು. ನನಗೆ ಅದರ ಮೇಲೆ ಪ್ರೀತಿ. ದಿನಾ ಸಂಜೆ ನಾನೇ ಕೈಯಾರೆ ತೊಳೀತಿದ್ದೆ."

ಸಭೆ ಚಪ್ಪಾಳೆ ತಟ್ಟಿತು. ಅಂಜಿನಯ್ಯನವರಿಗೆ ಸ್ವಲ್ಪ ಧೈರ್ಯ ಬಂತು. ಮೂವತ್ತೊಂದು ವರ್ಷದಲ್ಲಿ ಈ ವಿಷಯವನ್ನು ಯಾರೂ ಅವರಿಂದ ಕೇಳಿರಲಿಲ್ಲ.

"ಇದರಲ್ಲಿ ಮುಖ್ಯ ಅಂದ್ರೆ ಕೊಕ್ಕೆ. ಇಳಿಸೋ ಹೊತ್ತಿಗೆ ಕೊಕ್ಕೆ ಸರಿಯಾಗಿ ಕೂತಿರ್ಬೇಕು. ಕೂತಿಲ್ಲ ಅಂದ್ರೆ ಮುಗೀತು ಕತೆ. ಒಂದು ಸಲ ನನ್ನ ಕಣ್ಣೆದುರೇ ಒಂದು ಹೋಯ್ತು."

ಹಡಗಿನ ಮೇಲೆ ಇಳಿಯುವ ವಿಮಾನವನ್ನು ಹಿಡಿದು ನಿಲ್ಲಿಸುವುದು ಅದರ ಬಾಲದ ಕೊಕ್ಕೆಯೇ ಎಂದು ಮೋಹನ್ ಕುಮಾರ್ ಪಕ್ಕದವರಿಗೆ ವಿವರಿಸಿದ. "ಸಮುದ್ರಕ್ಕೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಇಲ್ಲ. ಒಬ್ಬ ಇಂಜಿನಿಯರ್ ಸಾಹೇಬರ ಮೇಲೆ."

ಹಿಂದಿನ ಸಾಲಿನವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಒಳಗಿದ್ದದ್ದೆಲ್ಲ ಕುದೀತಿತ್ತು. ಪೂರ್ತಿ ಅವರ ಮೇಲೇ. ಆ ಪುಣ್ಯಾತ್ಮ ನನಗೆ ಒಂದು ಮಾತು ಬೈಲಿಲ್ಲ. 'ನಿನ್ನ ಕೈ ಸುಡ್ತಾ ಅಂಜಿನಯ್ಯ?' ಅಂತ ಕೇಳಿದ್ರು. ಶರ್ಟು ಬದಲಾಯಿಸಿಕೊಂಡು ಬಂದು ಕೆಲಸಕ್ಕೆ ಕೂತ್ರು."

ಹೇಳುತ್ತ ಅಂಜಿನಯ್ಯನವರ ದನಿ ನಿಜವಾಗಿಯೂ ಒದ್ದೆಯಾಯಿತು. ಶರ್ಟಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಸಭೆಯಲ್ಲಿ ಶಾಲೆಯ ಮೇಡಂ ವಿಜಯಶ್ರೀ ಎದ್ದು ನಿಂತರು. ಅವರನ್ನು ನೋಡಿ ಎಲ್ಲರೂ ಎದ್ದು, ಆ ಅಜ್ಞಾತ ಇಂಜಿನಿಯರಿಗೆ ಒಂದು ನಿಮಿಷ ಮೌನ ಆಚರಿಸಿದರು. ಅವರು ಆರೋಗ್ಯವಾಗಿ ಮಗಳ ಮನೆಯಲ್ಲಿದ್ದಾರೆ ಎಂದು ಹೇಳಲು ಅಂಜಿನಯ್ಯನವರಿಗೆ ಸಂದು ಸಿಗಲಿಲ್ಲ.

"ಕೊನೆಕೊನೆಗೆ ಬಂದವಕ್ಕೆ ಬೆನ್ನ ಮೇಲೆ ಒಂದು ಗೂನಿನ ಥರ ಇಟ್ರು. ಪುಟ್ಟದು. ಅದಿಲ್ಲದಿದ್ರೆ ಕೆಲವು ಸಾಹೇಬ್ರು ಮುಟ್ತಾನೇ ಇರ್ಲಿಲ್ಲ." ಅದು ಉಪ್ಪಿನಕಾಯಿಯ ಬಟ್ಟಲು.

ಮೋಹನ್ ಕುಮಾರನ ಮೊಬೈಲು ಕೈಜಾರಿತು. ಸ್ಕೈಹಾಕಿನ ಕೊನೆಯ ವೇರಿಯಂಟ್‌ಗಳ ಬೆನ್ನ ಮೇಲೆ ಯಂತ್ರೋಪಕರಣ ತುಂಬಿದ ಗೂನು ಇರುವುದು ನಿಜವೇ.

"ಇಬ್ಬರಿಗಾಗೋ ಉದ್ದದ್ದೂ ಇತ್ತು. ಹಿರಿಯರೊಬ್ಬರು, ಕಲಿಯೋಕೆ ಬಂದೋರೊಬ್ಬರು. ಹಿರಿಯರು ಸನ್ನೆ ಮಾಡೋ ತನಕ ಕಿರಿಯರು ಕೈ ಹಾಕೋ ಹಾಗಿರ್ಲಿಲ್ಲ."

ಮೋಹನ್ ಕುಮಾರ್ ಎದ್ದ. ಅವನ ಬಳಿ ಒಂದು ಪ್ರಶ್ನೆ ಇತ್ತು. ಇಂಥ ಹುಚ್ಚಿನವರು ಒಬ್ಬರನ್ನೊಬ್ಬರು ಪರೀಕ್ಷಿಸಲು ಕೇಳುವ ಪ್ರಶ್ನೆ. "ಅಂಕಲ್, ಎ, ಬಿ, ಸಿ ಆದ್ಮೇಲೆ ನೇರ ಇ. ಡಿ ಯಾಕಿಲ್ಲ?"

ಮುಂದಿನ ಸಾಲಿನಲ್ಲಿ ಜಗದಾಂಬಾ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಲಿಂಗಮ್ಮನವರು ಆ ಮುಷ್ಟಿಯ ಮೇಲೆ ಕೈಯಿಟ್ಟರು.

ಅಂಜಿನಯ್ಯನವರಿಗೆ ಮಾತ್ರ ಆ ಪ್ರಶ್ನೆ ಸಲೀಸಾಗಿತ್ತು. ಅವರ ಕ್ಯಾರಿಯರ್‌ಗಳ ಮುಚ್ಚಳದ ಮೇಲೂ ಕೆಂಪು ಬಣ್ಣದಲ್ಲಿ ಅಕ್ಷರಗಳಿದ್ದವಲ್ಲ, ಡಬ್ಬಿ ಎನ್ನುವುದಕ್ಕೆ ಡಿ ಎಂಬಲ್ಲಿಂದ ಶುರುವಾಗಿ. "ಡಿ ಬಿಟ್ಟಿದ್ದು ಬೇಕು ಅಂತಲೇ ಕಣಪ್ಪ. ಹಳೇ ಕಾಲದಲ್ಲಿ ಎಲ್ಲವಕ್ಕೂ ಡಿ ಅಂತಲೇ ಬರೆದಿರ್ತಿತ್ತು. ಹೊಸದಕ್ಕೂ ಡಿ ಅಂದ್ರೆ ಹಳೇದ್ಯಾವುದು ಹೊಸದ್ಯಾವುದು ಅದಲುಬದಲು ಆಗಲ್ವೇ? ಅದಕ್ಕೇ ಆ ಅಕ್ಷರ ಹಾರಿಸಿ ಇ ಅಂದ್ವಿ."

ಮೋಹನ್ ಕುಮಾರ್ ಮೊಬೈಲು ನೋಡಿದ. ಅದರಲ್ಲಿದ್ದ ಉತ್ತರವೂ ಅದೇ. ಆ ವಿಮಾನದ ಹಳೆಯ ಹೆಸರಿನಲ್ಲೇ ಡಿ ಇದ್ದದ್ದರಿಂದ ಗೊಂದಲವಾಗದಿರಲೆಂದು ಆ ಅಕ್ಷರ ಕೈಬಿಟ್ಟಿದ್ದರಂತೆ. ಅವನು ಕುರ್ಚಿ ಎಲ್ಲಿದೆಯೆಂದು ನೋಡದೆ ಕೂತ. ಪುಣ್ಯಕ್ಕೆ ಇತ್ತು.

"ಅಧ್ಯಕ್ಷರು ಒಂದು ಮಾತು ಹೇಳ್ಬೇಕು," ಎಂದ ಕ್ಷೀಣವಾಗಿ.

ಶಿವಯೋಗಿಯವರು ಎದ್ದರು. ಮೊದಲ ಎರಡು ನಿಮಿಷದಲ್ಲೇ, ದಿನಾ ತೊಳೆಯುತ್ತಿದ್ದೆ ಎಂದಾಗಲೇ, ಅವರಿಗೆ ಎಲ್ಲವೂ ಗೊತ್ತಾಗಿತ್ತು. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತ ಹೆಂಗಸನ್ನೂ ಅವರು ಗಮನಿಸಿದ್ದರು. ಮೀಸೆ ತೀಡಿದರು.

"ನಾ ಹದಿನೈದ ವರ್ಷ ಹಡಗದ ಮ್ಯಾಲ ಇದ್ದಂವ. ಈ ಹಿರ್ಯಾರು ಹೇಳಿದ್ರಾಗ ಒಂದ ಅಕ್ಷರ ಸುಳ್ಳಿಲ್ರಿ. ಇವರು ಹೇಳೋ ಕ್ಯಾರಿಯರ್ ಬಗ್ಗೆ ಇವರಿಗೆ ಗೊತ್ತಿದ್ದಷ್ಟು ನನಗ ಗೊತ್ತಿಲ್ರಿ. ನಮ್ಮ ಹಡಗದಾಗ ಯಾರಿಗೂ ಗೊತ್ತಿದ್ದಿಲ್ಲ."

ಚಪ್ಪಾಳೆಯ ಗದ್ದಲದಲ್ಲಿ ಶಾಲು ಹೊದಿಸುತ್ತ ಅವರು ಕಿವಿಯ ಬಳಿ ಬಗ್ಗಿದರು. "ಸರ, ಸಾರು ಸೋರಬಾರದಂತ ಏನ್ ಮಾಡ್ತಿದ್ರಿ?"

"ಮುಚ್ಚಳದ ಕೆಳಗೆ ಒಂದು ತುಂಡು ಬಾಳೆಲೆ," ಎಂದರು ಅಂಜಿನಯ್ಯ, ಅಳುವ ದನಿಯಲ್ಲಿ.

"ಇದನ್ನ ನಮಗ ಯಾರೂ ಹೇಳಿದ್ದಿಲ್ಲ ನೋಡ್ರಿ," ಎಂದರು ಶಿವಯೋಗಿ.

ಮನೆ ಉಳಿಯಿತು. ಆದರೆ ಅಂಜಿನಯ್ಯನವರಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಹೊರಗಿನವರ ಮಾತು ಹೇಗೋ ಇರಲಿ, ಹನ್ನೊಂದು ವರ್ಷ ಒಂದೇ ಸೂರಿನಡಿ ಇಟ್ಟುಕೊಂಡ ತಿಮ್ಮಯ್ಯನವರಿಗೆ ಹೀಗೆ ಮಾಡಬಹುದೇ? ಶಾಲನ್ನು ಮಡಿಸಿ ಕೈಯಲ್ಲಿ ಹಿಡಿದು ಮಹಡಿ ಹತ್ತಿದರು. ಹಜಾರದಲ್ಲಿ ಮೋಹನ್ ಕುಮಾರ್ ಭಾಷಣದ ವಿಡಿಯೋವನ್ನು ಅತ್ತೆಗೆ ಮೂರನೇ ಸಲ ತೋರಿಸುತ್ತಿದ್ದ. ತಿಮ್ಮಯ್ಯನವರು ಒಳಕೋಣೆಯಲ್ಲಿದ್ದರು.

"ತಿಮ್ಮಯ್ಯನೋರೇ, ತಪ್ಪಾಗಿದೆ. ನಾನು ಹೊತ್ತಿದ್ದು ಊಟದ ಕ್ಯಾರಿಯರ್."

ತಿಮ್ಮಯ್ಯನವರು ಗಾಬರಿಯಿಂದ ಎದ್ದು ಬಾಗಿಲು ಹಾಕಿದರು. "ಮೆಲ್ಲಗೆ ಮಾತಾಡ್ರೀ. ಅಳಿಯಂದ್ರು ಹೊರಗವ್ರೆ."

"ನಿಮಗೆ ಸಿಟ್ಟಿಲ್ವೇ?"

"ಹನ್ನೊಂದು ವರ್ಷದ ಹಿಂದೆ ಮನೆ ಕೇಳ್ಕೊಂಡು ಬಂದಾಗ ನಾನು ಮೊದಲು ಕೇಳಿದ್ದೇನು ಹೇಳಿ?"

ಅಂಜಿನಯ್ಯನವರು ಯೋಚಿಸಿದರು. "ಮನೇಲಿ ಎಷ್ಟು ಜನ ಅಂತ."

"ಅದು ಎರಡನೇದು. ಮೊದಲನೇದು, ಏನು ಕೆಲಸ ಅಂತ. ಕ್ಯಾಂಟೀನು, ಊಟ ಸಾಗಿಸೋದು ಅಂತ ನಿಮ್ಮ ಬಾಯಲ್ಲೇ ಹೇಳಿದ್ರಿ. ಮನೆ ಬಾಡಿಗೆಗೆ ಕೊಡೋನು ಅದನ್ನ ಕೇಳದೆ ಬೀಗದ ಕೈ ಕೊಡ್ತಾನೇನ್ರೀ?"

ಅಂಜಿನಯ್ಯನವರು ಶಾಲನ್ನು ಮಂಚದ ಮೇಲಿಟ್ಟರು. "ಮತ್ತೆ ಅವತ್ತು ಸುಮ್ನಿದ್ರಲ್ಲ?"

"ಅಳಿಯಂಗೆ ಇಲ್ಲ ಅನ್ನಕ್ಕೆ ನನಗೆ ನಾಲಿಗೆ ಏಳಲ್ಲ. ಅವರಾಗಿ ಅವರೇ ಬೇಡ ಅಂತಿದ್ರು. ನಡುವೆ ಬಾಯಿ ಹಾಕಕ್ಕೆ ನನಗೇನು ತಲೆ ಕೆಟ್ಟಿತ್ತಾ? ನಿಮ್ಮ ಮನೆಯೋರು ಹೋದ್ರೆ ನಮ್ಮ ಲಿಂಗಮ್ಮ ಯಾರ ಜೊತೆ ಮಾತಾಡ್ತಾಳೆ? ನನ್ನ ಜೊತೆ ಮಾತಾಡ್ತಾಳೆ. ಅದು ನನಗೆ ತಡೆಯುತ್ತಾ?"

"ಆದ್ರೂ ನಾನು ಆ ಹುಡುಗನಿಗೆ ನಿಜ ಹೇಳ್ಬಿಡ್ತೀನಿ. ಮನಸ್ಸು ಕೇಳ್ತಿಲ್ಲ."

"ನಿಮ್ಮ ಕೈ ಹಿಡ್ಕೋತೀನಿ," ಎಂದು ತಿಮ್ಮಯ್ಯನವರು ನಿಜವಾಗಿಯೂ ಹಿಡಿದುಕೊಂಡರು. "ನಿಜ ಹೇಳಿ ನನ್ನ ಮನೆಗೆ ಮೀನು ತರ್ಬೇಡಿ."

ಆಗಲೇ ಬಾಗಿಲು ತೆರೆಯಿತು. ಮೋಹನ್ ಕುಮಾರ್ ನಿಂತಿದ್ದ. "ಏನು ಮಾವ, ಬಾಗ್ಲು ಹಾಕ್ಕೊಂಡು?"

ಇಬ್ಬರು ಹಿರಿಯರು ಕೈ ಕೈ ಹಿಡಿದುಕೊಂಡು, ಬೆಲ್ಲ ಕದ್ದವರಂತೆ ಅವನನ್ನು ನೋಡಿದರು. ತಿಮ್ಮಯ್ಯನವರು ಜನ್ಮದಲ್ಲಿ ಅಳಿಯನಿಗೆ ಸುಳ್ಳು ಹೇಳಿದವರಲ್ಲ. ಈಗಲೂ ಹೇಳಲಿಲ್ಲ.

"ಕ್ಯಾರಿಯರ್ ವಿಷಯ ಅಳಿಯಂದ್ರೇ," ಎಂದರು.

ಮೋಹನ್ ಕುಮಾರನ ಮುಖ ಗಂಭೀರವಾಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಬಾಗಿಲನ್ನು ಸದ್ದಾಗದಂತೆ ತಾನೇ ಎಳೆದುಕೊಂಡ. ಹೊರಗೆ ಅವನ ಪಿಸುದನಿ ಕೇಳಿಸಿತು.

"ಅತ್ತೆ, ಟಿವಿ ಆಫ್ ಮಾಡಿ. ಕುಕ್ಕರೂ ಆಫ್ ಮಾಡಿ. ಒಳಗೆ ದೇಶದ ವಿಷಯ ನಡೀತಾ ಇದೆ."

ಆಮೇಲೆ ಕುರ್ಚಿಯೊಂದನ್ನು ಎಳೆದು ತಂದು ಬಾಗಿಲಿಗೆ ಅಡ್ಡ ಹಾಕಿದ ಸದ್ದು. ಮೋಹನ್ ಕುಮಾರ್ ಕಾವಲಿಗೆ ಕೂತಿದ್ದ. ಇಬ್ಬರು ಹಿರಿಯರೂ ಮೂರು ಗಂಟೆಯವರೆಗೆ ಒಳಗೇ ಉಳಿದು, ಬೇರೆ ಕೆಲಸವಿಲ್ಲದೆ, ಯಾವ ಸಾರು ಎಷ್ಟು ಹೊತ್ತು ಬಿಸಿಯಾಗಿರುತ್ತದೆ ಎಂಬುದನ್ನು ತಗ್ಗಿದ ದನಿಯಲ್ಲಿ ಚರ್ಚಿಸಿದರು.